ಸೋಸಿ ಉಳಿದದ್ದು

ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ಅದಕ್ಕೆ ಹೆಚ್ಚುಕಡಿಮೆ 11 ಕಿಲೋ ಗಾಳಿ ಬೇಕು. ಪೆಟ್ರೋಲ್ ಒಂದು ಪಾಲಾದರೆ ಗಾಳಿ 14.7 ಪಾಲು. ಇದು ತೂಕದ ಲೆಕ್ಕ. ಗಾಳಿಯನ್ನು ತೂಗಿ ನೋಡುವ ರೂಢಿ ನಮಗಿಲ್ಲ, ಹಾಗಾಗಿ ಅಳತೆಯಲ್ಲೇ ಹೇಳುತ್ತೇನೆ. ನಮ್ಮ ಬಯಲುಸೀಮೆಯ ಎತ್ತರದಲ್ಲಿ, ನಮ್ಮ ಬಿಸಿಲಿನಲ್ಲಿ, ಅದು ಸುಮಾರು 10 ಸಾವಿರ ಲೀಟರ್ ಆಗುತ್ತದೆ. ಸುಮ್ಮನೆ ಕೂತ ಮನುಷ್ಯ ನಿಮಿಷಕ್ಕೆ ಆರೇಳು ಲೀಟರ್ ಗಾಳಿ ಎಳೆದುಕೊಳ್ಳುತ್ತಾನೆ. ಹಗಲೂ ರಾತ್ರಿಯೂ ಸೇರಿದರೆ ಅದೂ 10 ಸಾವಿರದ ಆಸುಪಾಸು. ಎಂದರೆ, ಮೂವತ್ತು ಮೂವತ್ತೈದು ಕಿಲೋಮೀಟರ್ ಓಡುವಷ್ಟರಲ್ಲಿ ನನ್ನ ಗಾಡಿ ಒಬ್ಬ ಮನುಷ್ಯನ ಇಡೀ ದಿನದ ಉಸಿರನ್ನು ಒಳಗೆ ಎಳೆದು ಹೊರಗೆ ಬಿಟ್ಟಿರುತ್ತದೆ.

ದೂರದ ಊರು ಸುತ್ತುವ ಗಾಡಿ ಇಟ್ಟುಕೊಂಡವರಿಗೆ ಆ ಗಾಳಿಯನ್ನು ಸೋಸುವ ಏರ್ ಫಿಲ್ಟರ್ ಬದಲಿಸುವುದು ದೊಡ್ಡ ಕೆಲಸವೇನಲ್ಲ. ಗ್ಯಾರೇಜಿನಲ್ಲಿ ಹತ್ತು ನಿಮಿಷ, ಮನೆಯಲ್ಲಿ ಅರ್ಧ ಗಂಟೆ. ಆದರೂ ಈ ಕೆಲಸವನ್ನು ಗ್ಯಾರೇಜಿಗೆ ಬಿಡಲು ನನಗೆ ಮನಸ್ಸಾಗುವುದಿಲ್ಲ. ಇಂಜಿನ್ ಆಯಿಲ್ ಬದಲಿಸಿದರೆ ಇಂಜಿನ್ನಿನ ಒಳಗಿನ ಸಮಾಚಾರ ತಿಳಿಯುತ್ತದೆ. ಬ್ರೇಕ್ ಪ್ಯಾಡ್ ನೋಡಿದರೆ ನಾನು ಗಾಡಿ ಓಡಿಸುವ ರೀತಿ ತಿಳಿಯುತ್ತದೆ. ಏರ್ ಫಿಲ್ಟರ್ ಒಂದೇ ನಾನು ಹೋಗಿ ಬಂದ ಊರುಗಳ ಸಮಾಚಾರ ಹೇಳುವುದು. ಅದನ್ನು ಬೇರೆಯವರು ತೆಗೆದು ಮೂಲೆಗೆ ಎಸೆದುಬಿಟ್ಟರೆ ನನಗೆ ಏನೋ ಓದದೆ ಬಿಟ್ಟ ಹಾಗಾಗುತ್ತದೆ.

ಬೆಳಗಿನ ಹೊತ್ತು ಇದಕ್ಕೆ ಸರಿ. ಇಂಜಿನ್ ರಾತ್ರಿಯೆಲ್ಲ ತಣಿದಿರುತ್ತದೆ, ಗಾಳಿ ಬೀಸುವುದಿಲ್ಲ. ಒಂದೇ ಎಚ್ಚರಿಕೆ: ಬೀದಿ ಗುಡಿಸುವುದಕ್ಕೆ ಮುಂಚೆಯೇ ಮುಗಿಸಬೇಕು, ಇಲ್ಲವೇ ಗುಡಿಸಿ ಧೂಳು ಕೂತ ಮೇಲೆ ಶುರುಮಾಡಬೇಕು. ಫಿಲ್ಟರಿನ ಡಬ್ಬಿ ಬಾಯಿ ತೆರೆದುಕೊಂಡಿರುವಾಗ ಪಕ್ಕದಲ್ಲಿ ಪೊರಕೆ ಆಡಬಾರದು.

ಫಿಲ್ಟರ್ ಇರುವ ಜಾಗ ಗಾಡಿಯಿಂದ ಗಾಡಿಗೆ ಬೇರೆ. ಕೆಲವದರಲ್ಲಿ ಸೀಟಿನ ಕೆಳಗೆ, ಕೆಲವದರಲ್ಲಿ ಪಕ್ಕದ ಪ್ಯಾನೆಲ್ಲಿನ ಹಿಂದೆ, ಇನ್ನು ಕೆಲವು ದೊಡ್ಡ ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕನ್ನೇ ಎತ್ತಬೇಕು. ನನ್ನದು 350 ಸಿಸಿಯ ಒಂಟಿ ಸಿಲಿಂಡರ್ ಗಾಡಿ, ಪಕ್ಕದ ಪ್ಯಾನೆಲ್ ಬಿಚ್ಚಿದರೆ ಸಾಕು. ಪ್ಯಾನೆಲ್ಲಿನ ಹಿಂದುಗಡೆಯ ಗೂಟಗಳು ರಬ್ಬರ್ ಬುಷ್‌ಗಳೊಳಗೆ ಸಿಕ್ಕಿಕೊಂಡಿರುತ್ತವೆ. ಹಳೆಯದಾದ ರಬ್ಬರು ಕಲ್ಲಿನಂತೆ ಬಿಗಿದಿರುವುದರಿಂದ ಜಗ್ಗಿ ಎಳೆದರೆ ಪ್ಲಾಸ್ಟಿಕ್ಕು ಮುರಿಯುತ್ತದೆ. ಒಂದೊಂದೇ ಮೂಲೆಯನ್ನು ಕೈಯಲ್ಲಿ ಹಿಡಿದು ನೇರಕ್ಕೆ ಬಿಡಿಸಬೇಕು. ಆಮೇಲೆ ಡಬ್ಬಿಯ ಮುಚ್ಚಳದ ಸ್ಕ್ರೂಗಳು. ಅವನ್ನು ಒಂದು ತಟ್ಟೆಗೆ ಹಾಕಿಟ್ಟರೆ ಮುಂದಿನ ಕೆಲಸ ಸಲೀಸು.

ಮುಚ್ಚಳ ತೆಗೆಯುವ ಮುಂಚೆ ಅದರ ಸುತ್ತಲಿನ ಕೆಸರು, ಮಣ್ಣನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಇದನ್ನು ಬಹಳ ಜನ ಮಾಡುವುದಿಲ್ಲ. ಹೊರಗಿನ ಮಣ್ಣು ಒಳಗೆ ಬಿದ್ದರೆ ಅಷ್ಟು ಸಾವಿರ ಕಿಲೋಮೀಟರ್ ಫಿಲ್ಟರ್ ತಡೆದು ನಿಲ್ಲಿಸಿದ್ದನ್ನು ನಾವೇ ಒಂದು ಕ್ಷಣದಲ್ಲಿ ಒಳಕ್ಕೆ ಕಳಿಸಿದಂತಾಗುತ್ತದೆ. ಫಿಲ್ಟರ್ ಈಚೆ ತೆಗೆದ ಕೂಡಲೇ ಇಂಜಿನ್ ಕಡೆಗೆ ಹೋಗುವ ತೂತಿಗೆ ಶುದ್ಧವಾದ, ಎಳೆ ಬಿಡದ ಬಟ್ಟೆ ತುರುಕಬೇಕು. ಹಾಗೆಯೇ, ಮುಚ್ಚುವ ಮುಂಚೆ ಆ ಬಟ್ಟೆಯನ್ನು ನೆನಪಿನಿಂದ ತೆಗೆಯಬೇಕು.

ಹಳೆಯ ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡುವ ಹೊತ್ತು ನನಗೆ ಇಡೀ ಕೆಲಸದಲ್ಲಿ ಮುಖ್ಯ. ಕಾಗದವನ್ನು ನೆರಿಗೆ ನೆರಿಗೆಯಾಗಿ ಮಡಚಿ ಅಂಚಿಗೆ ರಬ್ಬರಿನಂಥ ಚೌಕಟ್ಟು ಕೂಡಿಸಿರುತ್ತಾರೆ. ಬಿಡಿಸಿ ಹರಡಿದರೆ ಅದರ ಮೈ ಹೊರಗೆ ಕಾಣುವ ಅಳತೆಯ ಹಲವು ಪಟ್ಟು. ಅಷ್ಟು ಅಗಲ ಸಿಕ್ಕಿದ ಗಾಳಿ ಕಾಗದವನ್ನು ನಿಧಾನವಾಗಿ ದಾಟುತ್ತದೆ. ಅವಸರವಿಲ್ಲದ ಗಾಳಿಯಿಂದ ಧೂಳನ್ನು ಬೇರೆಮಾಡುವುದು ಸುಲಭ. ಕಾಗದದ ರಂಧ್ರಗಳು ಧೂಳಿನ ಕಣಗಳಿಗಿಂತ ಚಿಕ್ಕವು ಎಂದು ನಾವು ಅಂದುಕೊಳ್ಳುತ್ತೇವೆ, ಹಾಗಿಲ್ಲ. ಎಷ್ಟೋ ಕಣಗಳು ಆ ರಂಧ್ರಗಳಿಗಿಂತ ಚಿಕ್ಕವೇ. ನಾರುಗಳ ನಡುವೆ ಗಾಳಿ ಬಳಸಿಕೊಂಡು ಹೋಗುವಾಗ ಭಾರವಿರುವ ಕಣ ಆ ತಿರುವು ತಿರುಗಲಾರದೆ ನಾರಿಗೆ ಡಿಕ್ಕಿ ಹೊಡೆದು ಅಲ್ಲೇ ಅಂಟುತ್ತದೆ. ಅಂಟಿದ ಕಣಗಳು ಮುಂದಿನ ಕಣಗಳಿಗೆ ಅಡ್ಡವಾಗುತ್ತವೆ. ಹಾಗಾಗಿ ಹೊಚ್ಚ ಹೊಸ ಫಿಲ್ಟರಿಗಿಂತ ಸ್ವಲ್ಪ ಓಡಿ ತೆಳುವಾಗಿ ಧೂಳು ಕಟ್ಟಿದ ಫಿಲ್ಟರು ಚೆನ್ನಾಗಿ ಸೋಸುತ್ತದೆ. ವಾರ ವಾರ ಡಬ್ಬಿ ತೆರೆದು ಕೊಡವುವವರು ಗಾಡಿಗೆ ಉಪಕಾರ ಮಾಡುತ್ತಿಲ್ಲ. ಪದರ ದಪ್ಪವಾಗುತ್ತಾ ಹೋದಂತೆ ಗಾಳಿಗೇ ದಾರಿ ಕಿರಿದಾಗುತ್ತದೆ, ಏರಿನಲ್ಲಿ ಪಿಕಪ್ ಕುಗ್ಗುತ್ತದೆ. ಬದಲಿಸುವ ಕಾಲ ಆಗ ಬರುತ್ತದೆ.

ಹೊಸಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಯೊಂದರಲ್ಲಿ, ಕಂಪ್ರೆಸರ್‌ನಿಂದ ಗಾಳಿ ಹೊಡೆಸಿ ಹಳೆಯದನ್ನೇ ಹಾಕಿಕೊಂಡರೆ ನಡೆಯುವುದಿಲ್ಲವೇ ಎಂದು ಕೇಳಿದ್ದೆ. ಅಂಗಡಿಯಾತ ಫಿಲ್ಟರನ್ನು ಕೈಯಲ್ಲಿ ತಿರುಗಿಸಿ ನೋಡಿ ಹೇಳಿದ: "ಊದಿಸಬ್ಯಾಡ್ರಿ ಸರ. ಹೊರಗ ಹೋಗೂದು ಬರೇ ದಪ್ಪ ಧೂಳ. ಸಣ್ಣದು ಇನ್ನಷ್ಟ ಒಳಗ ಹೊಕ್ಕು ಕುಂದ್ರತೈತಿ." ಅವನ ಮಾತು ನಿಜ. ಎಣ್ಣೆಯ ಪಸೆ ಇರುವ ಕಾಗದದ ಫಿಲ್ಟರುಗಳನ್ನಂತೂ ಊದಲೇಬಾರದು. ಒಣ ಕಾಗದವಾದರೆ ಒಳಗಿನಿಂದ ಹೊರಕ್ಕೆ, ಮೆಲ್ಲಗೆ, ದೂರದಿಂದ ಊದಬಹುದು. ಅದೂ ಹೊಸದು ಸಿಗುವವರೆಗಿನ ವ್ಯವಸ್ಥೆ ಅಷ್ಟೆ. ಸ್ಪಂಜಿನ ಫಿಲ್ಟರಾದರೆ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ ಮತ್ತೆ ಹಾಕಬಹುದು.

ಕಪ್ಪುಮಣ್ಣಿನ ಊರುಗಳಲ್ಲಿ ಟ್ರ್ಯಾಕ್ಟರ್ ಕಂಡವರಿಗೆ ಇನ್ನೊಂದು ಬಗೆಯ ಫಿಲ್ಟರ್ ಗೊತ್ತಿರುತ್ತದೆ. ಕಾಗದವೇ ಇಲ್ಲದ್ದು. ಕೆಳಗೆ ಎಣ್ಣೆಯ ಬಟ್ಟಲು, ಮೇಲೆ ತಂತಿಯ ಜಾಲರಿ. ಎಳೆದುಕೊಂಡ ಗಾಳಿ ಎಣ್ಣೆಯ ಮೇಲೆ ಬಡಿದು ಮೇಲಕ್ಕೆ ತಿರುಗುವಾಗ ಧೂಳು ಎಣ್ಣೆಯಲ್ಲೇ ಉಳಿಯುತ್ತದೆ. ಉಳುಮೆಯ ದಿನಗಳಲ್ಲಿ ಆ ಬಟ್ಟಲನ್ನು ಬಿಚ್ಚಿ ನೋಡುವುದು ದಿನನಿತ್ಯದ ಕೆಲಸ. ಹುಡುಗರಿಗೆ ಕೊಡುತ್ತಿದ್ದ ಕೆಲಸವೂ ಹೌದು. ಬಟ್ಟಲ ತಳದಲ್ಲಿ ಕೂತ ರಾಡಿಯನ್ನು ಬೆರಳಿನಿಂದ ತೆಗೆದರೆ ಅದು ಹೊಲದ ಮಣ್ಣೇ, ಎಣ್ಣೆ ಕುಡಿದು ಹೊಳೆಯುತ್ತಿದ್ದ ಎರೆಮಣ್ಣು.

ಮಣ್ಣಿನ ಬಣ್ಣ ನನ್ನ ಫಿಲ್ಟರಿನಲ್ಲೂ ಕಾಣುತ್ತದೆ. ಮಲೆನಾಡು, ಕರಾವಳಿ ಸುತ್ತಿ ಬಂದ ಗಾಡಿಯದಾದರೆ ಇಟ್ಟಿಗೆಯ ಕೆಂಪು. ಗದಗ, ವಿಜಯಪುರದ ಕಡೆಯ ಬೇಸಿಗೆಯದಾದರೆ ಬೂದು ಬೆರೆತ ಕಪ್ಪು. ಕಲಬುರಗಿ ಜಿಲ್ಲೆಯ ಸೇಡಂ, ಮಳಖೇಡ, ವಾಡಿಯ ಕಡೆ ಹೋಗಿ ಬಂದರೆ ಸುಣ್ಣಕಲ್ಲಿನ ಬಿಳಿಪುಡಿ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆ ನೋಡಲು ಹೋಗುವ ದಾರಿ ಇವತ್ತು ಸಿಮೆಂಟ್ ಕಾರ್ಖಾನೆಗಳ ಸೀಮೆಯ ದಾರಿ. ಸಂಡೂರಿನ ಅದಿರಿನ ಪುಡಿ ಇವೆಲ್ಲಕ್ಕಿಂತ ಬೇರೆ. ಅದು ಕೆಂಪಲ್ಲ, ಒಣಗಿದ ರಕ್ತದ ಕಂದು. ಕೈಗೆ ಹತ್ತಿದರೆ ಸೋಪು ಹಾಕಿದರೂ ಉಗುರಿನ ಸಂದಿಯಲ್ಲಿ ಉಳಿಯುತ್ತದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯುವ ಮುಂಚಿನ ವರ್ಷಗಳಲ್ಲಿ ಆ ಸೀಮೆಯ ದಾರಿಗಳಲ್ಲಿ ಓಡಾಡಿದವರಿಗೆ ಅದಿರು ಲಾರಿಗಳ ಸಾಲು ನೆನಪಿರುತ್ತದೆ. ದಾರಿ ಬದಿಯ ಹೊಲಗಳಲ್ಲಿ ಬೆಳೆಯ ಎಲೆ ಹಸಿರಾಗಿ ಕಾಣುತ್ತಿರಲಿಲ್ಲ. ಆಮೇಲೆ ಷರತ್ತುಗಳೊಂದಿಗೆ ಹಲವು ಗಣಿಗಳು ಹಂತಹಂತವಾಗಿ ಮತ್ತೆ ತೆರೆದವು.

ಇದರ ಜೊತೆಗೆ ಹುಳುಗಳ ರೆಕ್ಕೆ, ಹುಣಸೆಯ ಒಣ ಎಲೆ, ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ ಹುರುಳಿಯ ಹೊಟ್ಟು. ತಿಂಗಳುಗಟ್ಟಲೆ ನಿಂತ ಗಾಡಿಯ ಡಬ್ಬಿಯಲ್ಲಿ ಇಲಿ ಗೂಡು ಕಟ್ಟಿರುವುದೂ ಉಂಟು.

ಇಷ್ಟನ್ನೂ ತಡೆಯುವುದು ಏಕೆ ಅಷ್ಟು ಮುಖ್ಯ ಎಂಬುದು ಧೂಳಿನ ಸ್ವಭಾವದಲ್ಲಿದೆ. ನಮ್ಮ ನೆಲದ ಗ್ರಾನೈಟಿನಲ್ಲೂ ಅದರ ಬಂಧುವಾದ ನೈಸ್ ಶಿಲೆಯಲ್ಲೂ ಬೆಣಚು, ಅಂದರೆ ಕ್ವಾರ್ಟ್ಜ್, ಧಾರಾಳವಾಗಿದೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ವಜ್ರಕ್ಕೆ 10, ಬೆಣಚಿಗೆ 7. ಸಾಮಾನ್ಯ ಉಕ್ಕನ್ನು ಅದು ಗೀರಬಲ್ಲದು. ಪಿಸ್ಟನ್ನಿನ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವೆ ಇರುವ ಆಯಿಲಿನ ಪದರ ಕೆಲವೇ ಮೈಕ್ರಾನ್ ದಪ್ಪ. ಮನುಷ್ಯನ ತಲೆಗೂದಲು ಸುಮಾರು 70 ಮೈಕ್ರಾನ್ ಎಂದರೆ ಅದು ಎಷ್ಟು ತೆಳು ಎಂಬುದು ಗೊತ್ತಾಗುತ್ತದೆ. ಆ ಪದರಕ್ಕಿಂತ ತುಸು ದೊಡ್ಡದಾದ, ಕಣ್ಣಿಗೆ ಕಾಣದ ಬೆಣಚಿನ ಕಣವೇ ಅತಿ ಅಪಾಯಕಾರಿ. ಎರಡು ಲೋಹಗಳ ನಡುವೆ ಸಿಕ್ಕಿ ಅದು ಎರಡನ್ನೂ ಉಜ್ಜುತ್ತದೆ. ಗಂಟೆಗೆ ಎಪ್ಪತ್ತರ ಆಸುಪಾಸಿನಲ್ಲಿ ಹೋಗುವಾಗ ನಿಮಿಷಕ್ಕೆ 3,000 ಸುತ್ತು ಸುತ್ತುವ ಒಂಟಿ ಸಿಲಿಂಡರ್ ಇಂಜಿನ್ ಸೆಕೆಂಡಿಗೆ 25 ಸಲ ಉಸಿರು ಎಳೆಯುತ್ತದೆ. ಉಜ್ಜುವ ಕೆಲಸಕ್ಕೆ ಅವಕಾಶ ಎಷ್ಟೆಂದು ಲೆಕ್ಕ ಹಾಕಬಹುದು. ಕೊನೆಗೆ ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ, ಮೆಕ್ಯಾನಿಕ್ ಬೋರ್ ಮಾಡಿಸಬೇಕು ಎನ್ನುತ್ತಾನೆ.

ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಲಡಾಖಿಗೆ ಹೋದವರಲ್ಲಿ ಕೆಲವರು ಖರ್ದುಂಗ್ ಲಾ ಹತ್ತುವಾಗ ಫಿಲ್ಟರನ್ನೇ ತೆಗೆದುಬಿಡುತ್ತಿದ್ದರು. 5,300 ಮೀಟರ್ ಎತ್ತರದಲ್ಲಿ ಗಾಳಿಯ ದಟ್ಟಣೆ ನಮ್ಮ ಕರಾವಳಿಯದರ ಅರ್ಧಕ್ಕಿಂತ ತುಸುವೇ ಹೆಚ್ಚು. ಪೆಟ್ರೋಲ್ ಹೆಚ್ಚಾಗಿ ಗಾಳಿ ಸಾಲದೆ ಗಾಡಿ ಏದುತ್ತಿತ್ತು. ಫಿಲ್ಟರ್ ತೆಗೆದರೆ ಇನ್ನಷ್ಟು ಗಾಳಿ ಹೋದೀತು ಎಂಬುದು ಅವರ ಎಣಿಕೆ. ಅಲ್ಲಿನ ರಸ್ತೆಯ ಪುಡಿಯೋ ಹಿಮನದಿಗಳು ಅರೆದ ಕಲ್ಲಿನ ಹಿಟ್ಟು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದ ಮೇಲೆ ಇಂಥ ಗಾಡಿಗಳಿಗೆ ಇಂಧನ ಇಂಜೆಕ್ಷನ್ ಸಾಮಾನ್ಯವಾಯಿತು. ಗಾಳಿ ತೆಳುವಾದದ್ದನ್ನು ಸೆನ್ಸರ್ ಗುರುತಿಸಿ ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ. ಆ ಹಠದ ಉಪಾಯ ಈಗ ಬೇಕಿಲ್ಲ.

ಫಿಲ್ಟರ್ ಒಳ್ಳೆಯದಿದ್ದರೆ ಸಾಲದು, ಅದು ಕೂರುವ ಅಂಚು ಬಿಗಿಯಾಗಿರಬೇಕು. ಹಳೆಯದನ್ನು ತೆಗೆದ ಮೇಲೆ ಡಬ್ಬಿಯ ಒಳಬದಿ, ಅಂದರೆ ಸೋಸಿದ ಗಾಳಿ ಹೋಗುವ ಬದಿ, ಅಲ್ಲಿ ಬಿಳಿ ಬಟ್ಟೆಯಿಂದ ಒಮ್ಮೆ ಒರೆಸಿ ನೋಡಬೇಕು. ಬಟ್ಟೆ ಬಿಳಿಯಾಗಿಯೇ ಬಂದರೆ ಸಮಾಧಾನ. ಧೂಳಿನ ಗೆರೆ ಕಂಡರೆ ಎಲ್ಲೋ ಅಂಚಿನಲ್ಲಿ ಗಾಳಿ ಕಳ್ಳದಾರಿ ಹಿಡಿದಿದೆ ಎಂದರ್ಥ. ಬೆಲೆಬಾಳುವ ಫಿಲ್ಟರ್ ಹಾಕಿದ್ದೇನೆ ಎಂದು ಹೇಳಿಕೊಳ್ಳುವವರು ಈ ಗೆರೆಯನ್ನು ನೋಡುವುದಿಲ್ಲ. ನನ್ನ ಮಟ್ಟಿಗೆ ಇದು ಕಾಗದದ ಗುಣಮಟ್ಟಕ್ಕಿಂತ ದೊಡ್ಡ ಪರೀಕ್ಷೆ. ಡಬ್ಬಿಯ ತಳದ ಸಣ್ಣ ಪೈಪನ್ನೂ ನೋಡಬೇಕು. ಇಂಜಿನ್ನಿನ ಒಳಗಿಂದ ಬರುವ ಆವಿ ತಣಿದು ಆಯಿಲು, ನೀರಾಗಿ ಅಲ್ಲಿ ಇಳಿದು ನಿಂತಿರುತ್ತದೆ. ಅದರ ಬಿರಡೆ ತೆಗೆದು ಖಾಲಿ ಮಾಡಿ ಮತ್ತೆ ಹಾಕಬೇಕು.

ಈ ಕೆಲಸ ಮಾಡುತ್ತಾ ಕೈ ಕಂದಾಗುತ್ತದೆ. ಪ್ರತಿ ಸಲವೂ ಆ ಕೈ ನೋಡಿದಾಗ ನನಗೆ ದಾರಿಯಲ್ಲಿ ಕಂಡ ಜನ ನೆನಪಾಗುತ್ತಾರೆ. ಆ ನೆನಪಿನಿಂದ ತಪ್ಪಿಸಿಕೊಳ್ಳಲು ನನಗೆ ಇಷ್ಟವೂ ಇಲ್ಲ. ಈ ಧೂಳು ನಾನು ದಾಟಿಹೋದ ಊರಿನ ಗಾಳಿಯಲ್ಲಿತ್ತು. ಗಾಡಿ ಅದರಲ್ಲಿ ಇದ್ದದ್ದು ಕೆಲವು ನಿಮಿಷ. ರಸ್ತೆ ಅಗಲ ಮಾಡುವಲ್ಲಿ ಜಲ್ಲಿ ಹೊರುವ ಹೆಂಗಸರು, ರೋಲರಿನ ಮುಂದೆ ಕೆಂಪು ಬಾವುಟ ಹಿಡಿದು ನಿಂತ ಹುಡುಗ, ಡೈವರ್ಷನ್ ಪಕ್ಕದ ಟೀ ಅಂಗಡಿಯಾಕೆ, ಇವರೆಲ್ಲ ಅದರಲ್ಲಿ ಬೆಳಗಿನಿಂದ ಸಂಜೆಯವರೆಗೆ ಇರುತ್ತಾರೆ. ಬುಟ್ಟಿ ಹೊತ್ತು ಓಡಾಡುವವರ ಉಸಿರು ಸುಮ್ಮನೆ ಕೂತವರ ಉಸಿರಿನಂತಲ್ಲ. ಮೈಮುರಿದು ದುಡಿಯುವಾಗ ನಿಮಿಷಕ್ಕೆ 30, 40 ಲೀಟರ್ ಗಾಳಿ ಬೇಕಾಗುತ್ತದೆ. ಮೂಗಿನಿಂದ ಸಾಲದೆ ಬಾಯಿಂದಲೂ ಎಳೆಯುತ್ತಾರೆ. ಅವರ ಫಿಲ್ಟರ್ ಎಂದರೆ ಮೂಗಿಗೆ ಅಡ್ಡ ಸುತ್ತಿಕೊಂಡ ಸೆರಗು, ಇಲ್ಲವೇ ಟವೆಲು.

ದೇಹಕ್ಕೂ ತನ್ನದೇ ಸೋಸುವ ವ್ಯವಸ್ಥೆ ಇದೆ, ಅದು ಕಾಗದಕ್ಕಿಂತ ಎಷ್ಟೋ ಜಾಣ. ಮೂಗಿನ ಕೂದಲು, ಒಳಗಿನ ಲೋಳೆ, ಶ್ವಾಸನಾಳದ ಗೋಡೆಯಲ್ಲಿ ಸದಾ ಮೇಲ್ಮುಖವಾಗಿ ಬೀಸುತ್ತಿರುವ ಸೂಕ್ಷ್ಮ ರೋಮಗಳು. 10 ಮೈಕ್ರಾನಿಗಿಂತ ದೊಡ್ಡ ಕಣಗಳಲ್ಲಿ ಹೆಚ್ಚಿನವು ಮೂಗು ಗಂಟಲಲ್ಲೇ ನಿಲ್ಲುತ್ತವೆ, ಕೆಮ್ಮಿನಲ್ಲಿ ಹೊರಬರುತ್ತವೆ. ಐದಕ್ಕಿಂತ ಕಡಿಮೆ ಇರುವವು ಎಲ್ಲವನ್ನೂ ದಾಟಿ ಶ್ವಾಸಕೋಶದ ಕೊನೆಯ ಗುಳ್ಳೆಗಳವರೆಗೆ ಇಳಿಯಬಲ್ಲವು. ಅಲ್ಲಿ ಕಾವಲಿಗಿರುವ ಜೀವಕೋಶಗಳು ಬೆಣಚಿನ ಕಣವನ್ನು ನುಂಗುತ್ತವೆ, ಅರಗಿಸಲಾರದೆ ತಾವೇ ಸಾಯುತ್ತವೆ. ಸತ್ತ ಜಾಗದಲ್ಲಿ ಗಾಯದ ಕಲೆಯಂಥ ಗಟ್ಟಿ ನಾರು ಬೆಳೆಯುತ್ತದೆ. ಕಣ ಬಿಡುಗಡೆಯಾಗಿ ಇನ್ನೊಂದು ಜೀವಕೋಶಕ್ಕೆ ಸಿಗುತ್ತದೆ. ಇದೇ ಸಿಲಿಕೋಸಿಸ್. ಒಮ್ಮೆ ಕಟ್ಟಿದ ನಾರು ಮತ್ತೆ ಮೆದುವಾಗುವುದಿಲ್ಲ, ಆ ಕೆಲಸ ಬಿಟ್ಟ ಮೇಲೂ ಕಾಯಿಲೆ ಮುಂದುವರಿಯಬಹುದು. ಕ್ಷಯವೂ ಇಂಥ ಎದೆಯನ್ನು ಬೇಗ ಹಿಡಿಯುತ್ತದೆ.

ಇದು ಹೊಸದಾಗಿ ಪತ್ತೆಯಾದ ಸಂಗತಿ ಅಲ್ಲ. ಕಾರಣ, ಪರಿಹಾರ ಎರಡೂ ದಶಕಗಳಿಂದ ಗೊತ್ತಿವೆ. ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಗೆ 1948ರ ಕಾರ್ಖಾನೆಗಳ ಕಾಯ್ದೆಯೇ ಸಿಲಿಕೋಸಿಸ್ಸನ್ನು ಸೇರಿಸಿತ್ತು. ನಮ್ಮ ರಾಜ್ಯದಲ್ಲಿ ಕಲ್ಲು ಕ್ರಷರ್‌ಗಳ ನಿಯಂತ್ರಣಕ್ಕೆಂದೇ 2011ರ ಕಾಯ್ದೆ ಇದೆ. ಕಲ್ಲನ್ನು ಒಣದಾಗಿ ಕೊರೆಯುವ ಬದಲು ನೀರು ಬಿಟ್ಟು ಕೊರೆದರೆ ಗಾಳಿಗೆ ಏಳುವ ಪುಡಿ ಬಹಳ ಕಡಿಮೆಯಾಗುತ್ತದೆ. ಕ್ರಷರಿನ ಬಾಯಿಗೆ ನೀರಿನ ತುಂತುರು, ಮಣ್ಣಿನ ಡೈವರ್ಷನ್ನಿಗೆ ಬೆಳಿಗ್ಗೆ ಸಂಜೆ ಟ್ಯಾಂಕರ್ ನೀರು. ಇವ್ಯಾವೂ ದುಬಾರಿ ಕೆಲಸಗಳಲ್ಲ. ಆದರೆ ಜಲ್ಲಿ ಹೊರುವ ಕೂಲಿಯ ಹೆಸರು ಯಾವ ಕಾರ್ಖಾನೆಯ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. ಇವತ್ತು ಈ ಊರು, ಮುಂದಿನ ತಿಂಗಳು ಮತ್ತೊಂದು. ಎದೆ ನೋಯುವ ಹೊತ್ತಿಗೆ ಯಾವ ರಸ್ತೆಯ ಧೂಳು ಎಂದು ಯಾರನ್ನು ಕೇಳುವುದು? ನನ್ನ ಗಾಡಿಯ ಕೈಪಿಡಿಯಲ್ಲಿ ಇಷ್ಟು ಸಾವಿರ ಕಿಲೋಮೀಟರಿಗೆ ಫಿಲ್ಟರ್ ಪರೀಕ್ಷೆ, ಇಷ್ಟಕ್ಕೆ ಬದಲಿ, ಧೂಳಿನ ಪ್ರದೇಶವಾದರೆ ಇನ್ನೂ ಬೇಗ ಎಂದು ಕೋಷ್ಟಕವೇ ಇದೆ. ಆ ಕೋಷ್ಟಕ ಓದುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಯಂತ್ರಕ್ಕೆ ಮಾಡಿದ್ದು ತಪ್ಪೆಂದಲ್ಲ, ಅಷ್ಟೇ ನಿಖರವಾದ ಕೋಷ್ಟಕವೊಂದು ರಸ್ತೆ ಮಾಡುವ ಆ ಹೆಂಗಸಿನ ಎದೆಗೆ ಇಲ್ಲವಲ್ಲ ಎಂದು.

ಇನ್ನೂ ಒಂದು ಮಾತಿದೆ. ಆ ಧೂಳನ್ನು ಎಬ್ಬಿಸಿದ್ದರಲ್ಲಿ ನನ್ನ ಗಾಲಿಯ ಪಾಲೂ ಇದೆ. ಮುಂದಿನ ಲಾರಿ ಎಬ್ಬಿಸಿದ್ದನ್ನು ನನ್ನ ಫಿಲ್ಟರ್ ತಡೆಯಿತು. ನಾನು ಎಬ್ಬಿಸಿದ್ದು ಹಿಂದೆ ಉಳಿದವರ ಮೇಲೆ ಇಳಿಯಿತು.

ಹೊಸ ಫಿಲ್ಟರನ್ನು ಕೂರಿಸುವುದು ತೆಗೆಯುವುದಕ್ಕಿಂತ ಬೇಗ ಮುಗಿಯುತ್ತದೆ. ಡಬ್ಬಿಯ ಒಳಗನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಲು ಬಿಟ್ಟು, ತೂತಿಗೆ ತುರುಕಿದ ಬಟ್ಟೆ ತೆಗೆದು, ಮೇಲಿನ ಬದಿ ಯಾವುದೆಂಬ ಗುರುತು ನೋಡಿ ಇಡಬೇಕು. ಅಂಚಿನ ಸುತ್ತ ಬೆರಳಾಡಿಸಿದರೆ ಎಲ್ಲಿ ಎದ್ದಿದೆ, ಎಲ್ಲಿ ಕೂತಿದೆ ಎಂಬುದು ಕಣ್ಣಿಗಿಂತ ಚೆನ್ನಾಗಿ ತಿಳಿಯುತ್ತದೆ. ಮುಚ್ಚಳದ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಪ್ಲಾಸ್ಟಿಕ್ಕಿನ ತಿರುಪಿನ ಗೆರೆಗಳಿಗೆ ಮಣಿಕಟ್ಟಿನ ಬಲವೇ ಹೆಚ್ಚು. ಬದಲಿಸಿದ ದಿನ, ಓಡಿದ ಕಿಲೋಮೀಟರ್ ಎರಡನ್ನೂ ಮಾರ್ಕರ್ ಪೆನ್ನಿನಿಂದ ಪ್ಯಾನೆಲ್ಲಿನ ಒಳಮೈಯಲ್ಲಿ ಬರೆದಿಡುತ್ತೇನೆ. ಮುಂದೆ ಯಾವ ಗ್ಯಾರೇಜಿನಲ್ಲಿ ಬಿಚ್ಚಿದರೂ ಕಾಣುತ್ತದೆ. ಹಳೆಯದನ್ನು ಮಡಚಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಣಕಸಕ್ಕೆ ಹಾಕಬೇಕು. ತೆರೆದು ಎಸೆದರೆ ಆ ಧೂಳು ಕಸ ಆಯುವವರ ಮೂಗಿಗೆ.

ಮಣ್ಣಿನ ಡೈವರ್ಷನ್ ಬಂದಲ್ಲಿ ನಾನು ಎರಡನೇ ಗೇರಿಗೆ ಇಳಿಯುತ್ತೇನೆ. ಗಾಲಿಯ ವೇಗ ಇಳಿದರೆ ಏಳುವ ಧೂಳೂ ಇಳಿಯುತ್ತದೆ, ನೆಲ ಬಿಟ್ಟು ಹೆಚ್ಚು ಮೇಲೇರುವುದಿಲ್ಲ. ಜಲ್ಲಿ ರಾಶಿಯ ಪಕ್ಕದಲ್ಲಿ ಊಟಕ್ಕೆ ಕೂತವರಿದ್ದರೆ ಇನ್ನೂ ನಿಧಾನ. ಹಿಂದಿನ ವಾಹನದವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಜೊತೆಗೆ ಬರುವ ಗೆಳೆಯರಿಗೂ ಹೊರಡುವ ಮುಂಚೆ ಇದನ್ನು ಹೇಳಿರುತ್ತೇನೆ. ಒಂದು ಕಿಲೋಮೀಟರ್ ಡೈವರ್ಷನ್ನಿಗೆ ಎರಡು ಮೂರು ನಿಮಿಷ ಹೆಚ್ಚು ಹಿಡಿಯುತ್ತದೆ, ಊರು ಮುಟ್ಟುವುದು ಅಷ್ಟು ತಡವಾಗುತ್ತದೆ.